ಕುಂಡದ ಮಣ್ಣಿಗೆ ದಮ್

ದಾಂಡೇಲಿ,
ಮೇ ೨೦

ಪ್ರೀತಿಯ ಹಬೀಬಾ,

ಸಲಾಂ. ನಿನ್ನ ಮೊಣಕಾಲು ನೋವು ಹೇಗಿದೆ? ಮಗಳ ಮನೆಯೆಂದು ಮೈಮರೆತು ಇಡೀ ದಿನ ನೆಲದ ಮೇಲೆ ಕೂತು ಕೆಲಸ ಮಾಡುತ್ತಿರಬೇಡ. ಇಶ್ರತ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ನೋಡು, ತಾನು ಬಾಣಂತಿ ಎಂಬುದು ಅವಳಿಗೇ ನೆನಪಿರುವುದಿಲ್ಲ. ಕೂಸು ಯಾರ ಹಾಗಿದೆ ಎಂದು ಫೋನಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತೀರಿ. ಆ ಮನೆಯಲ್ಲಿ ಫೋನು ಬಂದರೆ ಸ್ಪೀಕರ್ ಹಾಕಿ ಮಂದಿಯೆಲ್ಲ ಸುತ್ತ ಕೂಡುತ್ತಾರೆ; ಹೆಂಡತಿಯ ಜೊತೆ ನಾಲ್ಕು ಮಾತು ಆಡುವುದಾದರೂ ಹೇಗೆ? ಅದಕ್ಕೇ ಈ ಪತ್ರ. ಅಳಿಯ ಆರೀಫ ಗ್ಯಾರೇಜಿನ ಸಾಮಾನು ಒಯ್ಯಲು ಬಂದಿದ್ದಾನೆ, ಸಂಜೆ ಬಸ್ಸಿಗೆ ಹೋಗುವಾಗ ಅವನ ಕೈಯಲ್ಲಿ ಕೊಡುತ್ತೇನೆ. ನಾನು ಆರಾಮ ಇದ್ದೇನೆ. ಅಡುಗೆ ನನ್ನದೇ ಆದ್ದರಿಂದ ತುಸು ಇಳಿದಿದ್ದೇನೆ, ಅಷ್ಟೇ.

ಈಗ ಮಾಳಿಗೆಯ ಮೇಲಿನ ಕುಂಡಗಳ ಸುದ್ದಿ. ಸಿಟ್ಟಾಗದೆ ಓದು. ಹೋದ ಮಳೆಗಾಲದಲ್ಲಿ ಕುಂಡದಲ್ಲಿದ್ದ ನಿನ್ನ ಟೊಮ್ಯಾಟೊ, ಮೆಣಸಿನ ಗಿಡ, ಬದನೆ ಎಲ್ಲವೂ ಒಂದರ ಹಿಂದೊಂದು ಬಾಡಿ ಸತ್ತಾಗ ನೀನು ಸರಿಯಾಗಿ ಊಟವನ್ನೇ ಮಾಡಲಿಲ್ಲ. ಮತ್ತೆ ತಂದು ಹಚ್ಚಿದ ಸಸಿಗಳೂ ಹಾಗೇ ಆದವು. ಓಣಿಯಲ್ಲಿ ಯಾರು ಸಸಿ ಹಚ್ಚಿದರೂ ಮೊದಲ ಹಿಡಿ ಮಣ್ಣು ನಿನ್ನ ಕೈಯಿಂದಲೇ ಹಾಕಿಸುತ್ತಿದ್ದರಲ್ಲ, ಆಮೇಲೆ ಅದಕ್ಕೂ ಹೋಗುವುದನ್ನು ಬಿಟ್ಟೆ. ಮುಂಡಗೋಡಕ್ಕೆ ಹೊರಡುವ ದಿನ ನೀನು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ: "ನನ್ನ ಕೈಗುಣಾನ ಹೋತು ಬಿಡ್ರಿ. ಆ ಮಣ್ಣು ಒಯ್ದು ಹೊಳೀಗೆ ಚೆಲ್ರಿ." ನಾನು ಹೂಂ ಎಂದೆ, ಆದರೆ ಚೆಲ್ಲಲಿಲ್ಲ. ಎಷ್ಟು ವರ್ಷ ಗೊಬ್ಬರ ಬೆರೆಸಿ ಬೆರೆಸಿ ಆ ಮಣ್ಣನ್ನು ನೀನು ಹದ ಮಾಡಿಕೊಂಡಿದ್ದೀ ಎಂಬುದು ನನಗೆ ಗೊತ್ತಿಲ್ಲವೇ.

ಕೋಗಿಲಬನದ ದಾರಿಯಲ್ಲಿ ಸಸಿ ಮಾರುವ ಉಳವಪ್ಪನಿಗೆ ಒಂದು ಸತ್ತ ಗಿಡ ಒಯ್ದು ತೋರಿಸಿದೆ. ಬೇರು ಕರ್ರಗೆ ಕೊಳೆತು ಮುಟ್ಟಿದರೆ ಕೈಗೆ ಬರುತ್ತಿತ್ತು. ನೋಡಿದವನೇ, "ಮಣ್ಣಿನ್ಯಾಗ ರೋಗ ಕುಂತೈತ್ರಿ. ಚೆಲ್ಲೂದೇನ ಬ್ಯಾಡ, ಬಿಸಲಾಗ ಬೇಯಿಸ್ರಿ" ಎಂದ. ಬಿಸಿಲಂತೆ. ಜೀವಮಾನವೆಲ್ಲ ಮಿಲ್ಲಿನ ಬಾಯ್ಲರ್ ಮುಂದೆ ನಿಂತವನಿಗೆ ಬಿಸಿಲಿನ ಪಾಠ ಹೇಳುತ್ತಾನೆ. ತಿಂಗಳುಗಟ್ಟಲೆ ಕಾಯುವವರು ಕಾಯಲಿ, ನಾನು ಉಗಿಯಲ್ಲಿ ಒಂದು ತಾಸಿಗೆ ಮುಗಿಸುತ್ತೇನೆ ಎಂದುಕೊಂಡು ಮನೆಗೆ ಬಂದು ನಿನ್ನ ಬಿರ್ಯಾನಿಯ ದೇಗು ಕೆಳಗಿಳಿಸಿದೆ. ಇಲ್ಲಿ ಪತ್ರ ಬದಿಗಿಟ್ಟು ನನ್ನನ್ನು ಬೈದು ಮುಗಿಸು, ಆಮೇಲೆ ಮುಂದೆ ಓದು.

ತಳಕ್ಕೆ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಹಸಿ ಮಣ್ಣು. ಉಗಿ ಹೊರಗೆ ಹೋಗಬಾರದೆಂದು, ನೀನು ದಮ್ ಕೊಡುವಾಗ ಮಾಡುವ ಹಾಗೆಯೇ ಮುಚ್ಚಳದ ಸುತ್ತ ಕಲಸಿದ ಗೋಧಿಹಿಟ್ಟು ಮೆತ್ತಿ, ಮೇಲೆ ರುಬ್ಬುವ ಗುಂಡನ್ನೂ ಹೇರಿದೆ. ನೀನಾದರೆ ಉರಿ ಇಳಿಸುತ್ತೀ, ನಾನು ಏರಿಸಿದೆ. ಸ್ವಲ್ಪ ಹೊತ್ತಿಗೆ ಗುಂಡು ಒಂದು ಕಡೆ, ಮುಚ್ಚಳ ಒಂದು ಕಡೆ, ಮಣ್ಣು ಅಡುಗೆಮನೆಯ ಛಾವಣಿಗೆ. ಪುಣ್ಯಕ್ಕೆ ನಾನು ಪಡಸಾಲೆಯಲ್ಲಿದ್ದೆ. ಪಕ್ಕದ ಮನೆಯ ಮಹಾದೇವಕ್ಕ ಓಡಿ ಬಂದು, ಛಾವಣಿ ನೋಡಿ, ನನ್ನನ್ನು ನೋಡಿ, "ಸಾಹೇಬ್ರ, ಮಿಲ್ಲಿನ್ಯಾಗ ಉಗಿ ಹೊರಗ ಬಿಡೂ ವಾಲ್ವ್ ಇರತಿರಲಿಲ್ಲೇನ್ರಿ?" ಎಂದು ಕೇಳಿದಳು. ಇತ್ತು, ಅದನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ದೇಗಿಗೆ ಏನೂ ಆಗಿಲ್ಲ, ಹಳಿಯಾಳದಿಂದ ಬರುವವನ ಹತ್ತಿರ ಕಲಾಯಿ ಮಾಡಿಸಿದ್ದೇನೆ. ಛಾವಣಿಗೆ ಸುಣ್ಣವೂ ಆಗಿದೆ.

ಕಡೆಗೆ ಉಳವಪ್ಪನ ಬಿಸಿಲೇ ಗತಿಯಾಯಿತು. ಮಹಾದೇವಕ್ಕನೂ ನಾನೂ ಕುಂಡಗಳನ್ನೆಲ್ಲ ಸುರುವಿ, ಗೌಂಡಿಗಳ ಜರಡಿಯಲ್ಲಿ ಮಣ್ಣು ಸೋಸಿ, ಹಳೆಯ ಬೇರು ಆರಿಸಿ ಸುಟ್ಟೆವು. ಮಣ್ಣನ್ನು ಮಾಳಿಗೆಯ ಮೇಲೆ ತೆಳ್ಳಗೆ ಹರಡಿ, ನೀರು ಚಿಮುಕಿಸಿ, ಗಾದಿ ಅಂಗಡಿಯಿಂದ ತಂದ ತಿಳಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗಾಳಿ ಆಡದಂತೆ ಅಂಚಿಗೆ ಇಟ್ಟಂಗಿ ಇಟ್ಟೆ. ಏಪ್ರಿಲ್ ಬಿಸಿಲು ಪೂರ್ತಿ ಅದರ ಮೇಲೆಯೇ ಬಿತ್ತು. ನಡುನಡುವೆ ತಿರುವಿ ಹಾಕಲು ಹೋದರೆ ಕೈ ಚುರ್ ಎನ್ನುತ್ತಿತ್ತು. ಕುಂಡಗಳನ್ನೂ ತಿಕ್ಕಿ ತೊಳೆದು ಒಣಗಿಸಿದೆ. ಆಮೇಲೆ ಮಣ್ಣಿಗೆ ಸಗಣಿ ಗೊಬ್ಬರ, ಬೇವಿನ ಹಿಂಡಿ ಬೆರೆಸಿ ಕೆಲವು ದಿನ ನೆರಳಿನಲ್ಲಿ ಬಿಟ್ಟೆ. ಈಗ ಮುಷ್ಟಿಯಲ್ಲಿ ಹಿಡಿದರೆ ಮಳೆ ಬಿದ್ದ ಹೊಲದ ವಾಸನೆ ಬರುತ್ತದೆ.

ಬಿಸಿಲು ಕಾಣದ ಮಣ್ಣು ಒಂದು ಕುಂಡದಷ್ಟು ಬೇಕೆಂದೇ ಉಳಿಸಿದ್ದೆ. ಅದರಲ್ಲಿಯೂ, ಬಿಸಿಲಲ್ಲಿ ಬೆಂದ ಮಣ್ಣಿನಲ್ಲಿಯೂ ಒಂದೇ ಪೊಟ್ಟಣದ ಮೆಂತ್ಯ ಬಿತ್ತಿದೆ. ಮಹಾದೇವಕ್ಕ ತಾನು ಬಿತ್ತುತ್ತೇನೆಂದಳು, ನಾನು ಕೊಡಲಿಲ್ಲ. ನನ್ನ ಕೈಗುಣ ನಿನಗೆ ಗೊತ್ತೇ ಇದೆ. ನಾನು ನೀರು ಹಾಕಿದರೂ ಗಿಡ ಬಾಡುತ್ತದೆಂದು ನೀನು ಝಾರಿಯನ್ನೇ ಬಚ್ಚಿಡುತ್ತಿದ್ದೆ. ಅಂಥ ಕೈಯೇ ಎರಡೂ ಕುಂಡಕ್ಕೆ ಬಿತ್ತು. ಹಳೆಯ ಮಣ್ಣಿನಲ್ಲಿ ಮೊಳಕೆ ಎದ್ದು, ಬುಡ ಕೊಳೆತು ಮಲಗಿದವು. ಇನ್ನೊಂದರಲ್ಲಿ ಬಂದ ಸೊಪ್ಪನ್ನು ಆರೀಫನ ಚೀಲದಲ್ಲಿ ಇಟ್ಟಿದ್ದೇನೆ, ಇಶ್ರತಳಿಗೆ ಪಲ್ಯ ಮಾಡಿ ಹಾಕು. ಆ ರೋಗ ಬೇಗ ತಗಲುವ ಮೆಣಸು, ಟೊಮ್ಯಾಟೊ, ಬದನೆ ಮಾತ್ರ ಈ ಮಳೆಗಾಲಕ್ಕೆ ಬೇಡ ಎಂದು ಉಳವಪ್ಪ ಹೇಳಿದ್ದಾನೆ. ಉಳಿದ ಕುಂಡಗಳಿಗೆ ಮಣ್ಣು ತುಂಬಿ ಹಾಗೇ ಇಟ್ಟಿದ್ದೇನೆ. ಏನು ಹಚ್ಚುವುದೋ ನೀನೇ ಬಂದು ನೋಡು.

ಬೀಗರಿಗೆಲ್ಲ ನನ್ನ ಸಲಾಂ ಹೇಳು. ಮಗಳಿಗೂ ಮೊಮ್ಮಗಳಿಗೂ ದುವಾ. ನಿನಗೆ ಏನು ಬರೆಯಲಿ, ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ.

ನಿನ್ನ
ರಾಜೇಸಾಬ

ತಾ.ಕ.: ಬಸ್ಸಿಗೆ ಹೊತ್ತಾಯಿತೆಂದು ಆರೀಫ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ. ಈಗಷ್ಟೇ ಅವನು ಒಂದು ಮಾತು ಹೇಳಿದ. ಕೂಸಿಗೆ ನೀನು ಒಂದು ದಿನವೂ ಎಣ್ಣೆ ಹಚ್ಚಿ ಎರೆದಿಲ್ಲವಂತೆ. ನನ್ನ ಕೈ ಈಗ ಸರಿಯಿಲ್ಲ ಎಂದು ಎತ್ತಿಕೊಳ್ಳುವುದಕ್ಕೂ ಹಿಂದೆಮುಂದೆ ನೋಡುತ್ತೀಯಂತೆ. ಇಶ್ರತ ಅತ್ತು ಹೇಳಿ ಕಳಿಸಿದ್ದಾಳೆ. ಹಬೀಬಾ, ರೋಗ ಇದ್ದದ್ದು ಮಣ್ಣಿನಲ್ಲಿ. ನಿನ್ನ ಕೈಗೆ ಏನೂ ಆಗಿಲ್ಲ. ನಾಳೆ ಬೆಳಿಗ್ಗೆ ಕೂಸಿಗೆ ನೀನೇ ಎರೆ.