ಹುಣಸೆಹಣ್ಣು ಹಾಕಿ ತಿಕ್ಕಿದ ಕಾರ್ಡು ಹಣ ತೆಗೆದದ್ದು ಹೇಗೆ?

ಗ್ರಾಹಕರ ನಿರ್ಲಕ್ಷ್ಯವನ್ನು ಕೂತಲ್ಲೇ ಕಂಡುಹಿಡಿಯುವ ಶಾಖಾ ವ್ಯವಸ್ಥಾಪಕರೇ,

ನನ್ನ ಅಕ್ಕ ಗುರುಲಿಂಗಮ್ಮನ ಖಾತೆಯಿಂದ ಯಾರೋ ತೆಗೆದ ಇಪ್ಪತ್ತೆರಡು ಸಾವಿರ ರೂಪಾಯಿಗೆ ಅವಳೇ ಹೊಣೆ ಎಂದು ಬರೆದುಕೊಟ್ಟಿದ್ದೀರಿ. ಕಾರಣ, ಆಕೆ ಪಿನ್ ಹಂಚಿಕೊಂಡಿರಬೇಕಂತೆ. ರೊಟ್ಟಿಯ ಹದವನ್ನು ಸ್ವಂತ ಸೊಸೆಗೂ ಹೇಳಿಕೊಡದವಳು ಪಿನ್ ಹಂಚಿದಳೆಂಬ ನಿಮ್ಮ ಸಂಶೋಧನೆಗೆ ಅಭಿನಂದನೆಗಳು. ಆ ಹಣ ಕುಷ್ಟಗಿ ಬಸ್ ನಿಲ್ದಾಣದ ಮಳಿಗೆಗೆ ಕಟ್ಟಬೇಕಾದ ಮುಂಗಡ. ಸೋಮವಾರ ಕಟ್ಟದಿದ್ದರೆ ಮಳಿಗೆ ಬೇರೆಯವರ ಪಾಲು. ಅಕ್ಕ ಮತ್ತೆ ಚರಂಡಿ ಪಕ್ಕದಲ್ಲೇ ರೊಟ್ಟಿ ಬಡಿಯಬೇಕು.

ಅನ್ನ ಕೊಡುವ ವಸ್ತುಗಳನ್ನೆಲ್ಲ ಮಹಾನವಮಿಗೆ ತೊಳೆದು ಪೂಜಿಸುವವರು ನಾವು. ಈ ಸಲ ಹಂಚು, ತಕ್ಕಡಿಗಳ ಜೊತೆ ನಿಮ್ಮ ಡೆಬಿಟ್ ಕಾರ್ಡಿಗೂ ಆ ಗೌರವ ಸಂದಿತು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ರಭಸಕ್ಕೆ ಹಿಂದಿನ ಕಪ್ಪು ಪಟ್ಟಿಯೇ ಅಳಿಸಿಹೋಯಿತು. ನಿಮ್ಮ ಶಾಖೆಯ ಬಾಗಿಲಲ್ಲಿರುವ ಎಟಿಎಂ ಯಂತ್ರ ಅದನ್ನು ಒಪ್ಪದಿದ್ದಾಗ ಅಕ್ಕನೊಂದಿಗೆ ನಾನೂ ಶಾಖೆಗೆ ಬಂದೆ. ನಿಮ್ಮ ಗುಮಾಸ್ತರು ಕಾರ್ಡನ್ನು ತಿರುಗಿಸಿ ನೋಡಿದರು.

"ಯವ್ವಾ, ಇದಕ್ಕೇನು ಮಾಡೀರಿ?"

"ಹಬ್ಬಕ್ಕ ಛಲೋತ್ನಾಗ ತಿಕ್ಕೇನಪಾ. ಲಕ್ಷ್ಮಿ ಬರೂದು ಇದರಾಗ ಅಲ್ಲೇನು?"

"ಇನ್ನ ಇದರಾಗ ಲಕ್ಷ್ಮಿ ಬರಂಗಿಲ್ಲ, ಹೋಗಂಗೂ ಇಲ್ಲ ಬಿಡ್ರಿ. ಕಾರ್ಡ್ ಸತ್ತೈತಿ. ಹೊಸಾದು ಬರೋತನಕ ನಿಮ್ಮ ರೊಕ್ಕ ಭದ್ರ."

ಆ ಮಾತಿಗೆ ಅಕ್ಕ ಅವರಿಗೆ ನಾಲ್ಕು ರೊಟ್ಟಿ ಕೊಟ್ಟು ಬಂದಳು.

ಮುಂದಿನ ವಾರ ಅದೇ ಸತ್ತ ಕಾರ್ಡು ಎರಡು ರಾಜ್ಯ ದಾಟಿ, ನಾವು ಹೆಸರೂ ಕೇಳದ ಊರಿನಲ್ಲಿ ಹಣ ತೆಗೆಯಿತಂತೆ! ನಿಮ್ಮ ಬಾಗಿಲಲ್ಲೇ ಉಸಿರಾಡದ್ದು ಅಲ್ಲಿ ಹೇಗೆ ಎದ್ದು ಕೂತಿತು? ನಿಜವಾದ ಕಾರ್ಡು ಅಕ್ಕನ ದೇವರ ಜಗುಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತಿತ್ತು. ಹಬ್ಬಕ್ಕೆ ಮುಂಚೆ ಗಂಗಾವತಿಯಲ್ಲಿ, ಕಾವಲುಗಾರನಿಲ್ಲದ ನಿಮ್ಮ ಯಂತ್ರದಲ್ಲಿ ಅವಳು ಅದನ್ನು ಬಳಸಿದ್ದಳು. ಕಾರ್ಡಿನ ನಕಲು, ಪಿನ್ನಿನ ಕಳವು ಎರಡೂ ಅಲ್ಲಿಯೇ ಆಗಿರಬಹುದೆಂದು ಒಮ್ಮೆಯಾದರೂ ಯೋಚಿಸಿದಿರಾ? ಸತ್ತಿದೆ ಎಂದು ಹೇಳಿದವರು ಕಾರ್ಡನ್ನು ಬಂದ್ ಮಾಡಲಿಲ್ಲ. ಹೆಣ ಗುರುತಿಸಿದಿರಿ, ಮಣ್ಣು ಮಾಡಲಿಲ್ಲ.

ಹಣ ಹೋದ ಮರುದಿನವೇ ದೂರು ಕೊಟ್ಟಿದ್ದೇವೆ. ಮೂರು ಕೆಲಸದ ದಿನಗಳೊಳಗೆ ತಿಳಿಸಿದ, ತಪ್ಪು ಮಾಡದ ಗ್ರಾಹಕರ ಹೊಣೆ ಶೂನ್ಯ. ತಪ್ಪಿದೆ ಎನ್ನುವ ಬ್ಯಾಂಕೇ ಅದನ್ನು ಸಾಬೀತುಪಡಿಸಬೇಕು. ಇದು ರಿಸರ್ವ್ ಬ್ಯಾಂಕಿನ ೨೦೧೭ರ ಸುತ್ತೋಲೆ, ನನ್ನ ಕನಸಲ್ಲ. ನಿಮ್ಮ ಊಹೆ ಯಾವಾಗಿನಿಂದ ಸಾಕ್ಷಿಯಾಯಿತು?

ಶುಕ್ರವಾರದೊಳಗೆ ಹಣ ಖಾತೆಗೆ ಮರಳಲಿ. ಇಲ್ಲವೇ ಅಕ್ಕ ಪಿನ್ ಯಾರಿಗೆ ಹೇಳಿದಳೆಂದು ಹೆಸರು ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಡಿ. ಎರಡೂ ಆಗದಿದ್ದರೆ ಸೋಮವಾರದಿಂದ ಅವಳು ಒಲೆ ಹೂಡುವುದು ನಿಮ್ಮ ಶಾಖೆಯ ಮೆಟ್ಟಿಲ ಬಳಿ. ಮಳಿಗೆ ಹೋದ ಮೇಲೆ ಎಲ್ಲಾದರೂ ಕೂರಬೇಕಲ್ಲ? ಹೊಗೆಗೆ ಮಾತ್ರ ನಾವು ಹೊಣೆಯಲ್ಲ.

ಇಂತಿ,
ತನ್ನ ಖಾತೆಯೂ ನಿಮ್ಮಲ್ಲೇ ಇರುವುದರಿಂದ ಇನ್ನೂ ವಿನಯ ಬಿಡದ
ದೊಡ್ಡಬಸಪ್ಪ,
ಹತ್ತಿ ವ್ಯಾಪಾರಿ, ತಾವರಗೇರಾ