ಗಾಯದ ಸೊಪ್ಪಿಗೆ ಮೂರೇ ನಾಣ್ಯ, ಕೆರೆ ಮನೆಗೆ ಒಂಬತ್ತು ಲಕ್ಷ

ಆಟದ ಖಜಾನೆಯ ಬೀಗದಕೈ ಇಟ್ಟುಕೊಂಡಿರುವ ಮಾನ್ಯರೇ,

ಮೊನ್ನೆ ಕೆಟ್ಟ ಕನಸು ಬಿತ್ತು. ನನ್ನ ಹೊಲಿಗೆ ಅಂಗಡಿಗೆ ಒಬ್ಬ ಗಿರಾಕಿ ಬಂದು, ಪ್ಯಾಂಟಿನ ಕಾಲು ಮಡಚಿ ಹೊಲಿಸಿಕೊಂಡು, ಕೂಲಿ ಅಂತ ಒಂದು ಗಾಡಿ ಚಿನ್ನ ಸುರಿದ. ಹಿಗ್ಗಿ ಹೀರೇಕಾಯಿಯಾದೆ. ಅದನ್ನು ಎಳೆದುಕೊಂಡು ಹೋಗಿ ಒಂದು ದಾರದುಂಡೆ ಕೇಳಿದರೆ, "ಇನ್ನೊಂದು ಗಾಡಿ ತನ್ನಿ ಅಕ್ಕಾ" ಅಂದಳು ಅಂಗಡಿಯವಳು. ಬೆವೆತು ಎದ್ದೆ. ಎದ್ದು ಫೋನಿನಲ್ಲಿ ನಿಮ್ಮ ಆಟ ತೆರೆದು ನೋಡಿದರೆ ಕನಸೇ ಸೋವಿ ಅನ್ನಿಸಿತು. ನಿಮ್ಮ 'ಚಿನ್ನದ ವಾರ'ದಿಂದ ಆಟದ ನಾಣ್ಯ ಕಸವಾಗಿದೆ, ನನ್ನ ಮನೆ ಕೈತಪ್ಪಿದೆ. ಇದು ನನ್ನ ದೂರು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅರ್ಥಶಾಸ್ತ್ರ ಗೊತ್ತಿಲ್ಲ. ಆದರೂ ಎಲ್ಲರ ಜೇಬೂ ಒಟ್ಟಿಗೆ ತುಂಬಿದರೆ ಯಾರ ಜೇಬೂ ತುಂಬಿದ ಹಾಗಲ್ಲ ಅನ್ನುವುದು ಜೇಬು ಹೊಲಿಯುವ ನನಗೇ ತಿಳಿಯುತ್ತದೆ. ತಮಗೆ ತಿಳಿಯಲಿಲ್ಲವೇ? ಚರಂಡಿಯ ಇಲಿ ಹೊಡೆದರೆ ಎರಡು ನಾಣ್ಯ ಬೀಳುತ್ತಿತ್ತು, ಆ ವಾರ ತಾವು ಇನ್ನೂರು ಬೀಳಿಸಿದಿರಿ. ಅಷ್ಟು ದುಡ್ಡಿದ್ದ ಇಲಿ ಚರಂಡಿಯಲ್ಲಿ ಯಾಕಿತ್ತು ಅಂತ ಕಚೇರಿಯಲ್ಲಿ ಒಬ್ಬರಾದರೂ ಕೇಳಬಾರದಿತ್ತೇ? ವಾರ ಮುಗಿಯಿತು, ನಾಣ್ಯ ಮುಗಿಯಲಿಲ್ಲ. ಇನ್ನೂರರ ಕುದುರೆ ಇಪ್ಪತ್ತು ಸಾವಿರಕ್ಕೆ ಹತ್ತಿತು. ನಾನು ಕಾಡಲ್ಲಿ ಬಗ್ಗಿ ಬಗ್ಗಿ ಕಿತ್ತು ತರುವ ಗಾಯದ ಸೊಪ್ಪಿಗೆ ಮಾತ್ರ ನಿಮ್ಮ ಬೊಂಬೆ ವೈದ್ಯ ಅಂದೂ ಮೂರು ನಾಣ್ಯ ಕೊಡುತ್ತಿದ್ದ, ಇಂದೂ ಮೂರೇ. ಪುಣ್ಯಾತ್ಮ, ನಗುವೂ ಅದೇ. ಬೇರೆ ಆಟಗಾರರಿಗೆ ಮಾರೋಣವೆಂದರೆ ಅವರೆಲ್ಲ ಗಾಯವೇ ಆಗದ ಕವಚ ಕೊಂಡು ಕೂತಿದ್ದಾರೆ.

ಮನೆಯ ವಿಷಯ ಹೇಳುತ್ತೇನೆ. ನನ್ನ ತಂಗಿ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ನನಗೆ ಬಿಡುವಾದಾಗ ಅವಳಿಗೆ ಪಾಳಿ. ವಾರಕ್ಕೊಂದು ಗಂಟೆ ನಿಮ್ಮ ಆಟದ ಕೆರೆ ದಂಡೆಯಲ್ಲಿ ಸಿಗುತ್ತೇವೆ. ಅಲ್ಲಿ ಅವಳಿಗೊಂದು ಮನೆ ಇದೆ. ಪಕ್ಕದ್ದನ್ನು ನಾನು ಕೊಂಡರೆ ನಡುಗೋಡೆಗೆ ಬಾಗಿಲಿಡಬಹುದು ಅಂತ ನಿಮ್ಮ ನಿಯಮವೇ ಹೇಳುತ್ತದೆ. ಅವಳು ಪಾಳಿ ಮುಗಿಸಿ ಬಂದಾಗ ನಾನಿಲ್ಲದಿದ್ದರೂ ನಾನಿಟ್ಟ ಚೀಟಿ ಇರುತ್ತದೆ. ಇಷ್ಟೇ ನನ್ನಾಸೆ. ಆಗ ಬೆಲೆ ನಲವತ್ತು ಸಾವಿರ. ಎರಡು ವರ್ಷ ಸೊಪ್ಪು ಕಿತ್ತೆ. ಕಳ್ಳರ ಭಯಕ್ಕೆ ಪೆಟ್ಟಿಗೆಯಲ್ಲಿಟ್ಟು ಆಗಾಗ ಬೀಗ ಎಳೆದು ನೋಡುತ್ತಿದ್ದೆ.

"ಬಿಡಕ್ಕಾ, ನಿನ್ನ ಕಾವಲು ನೋಡಿ ಕಳ್ಳನಿಗೇ ಆಕಳಿಕೆ ಬರುತ್ತೆ" ಅಂತ ತಂಗಿ ನಗುತ್ತಿದ್ದಳು.

ಕಳ್ಳ ಬರಲೇ ಇಲ್ಲ. ಒಂದು ನಾಣ್ಯವೂ ಕಮ್ಮಿಯಾಗಿಲ್ಲ. ಆದರೂ ಕಳುವಾಗಿದೆ! ಬೀಗ ಮುಟ್ಟದೆ ಕದಿಯುವ ವಿದ್ಯೆಗೆ ತಮಗೆ ಸನ್ಮಾನವಾಗಬೇಕು.

ಚಿನ್ನದ ವಾರಕ್ಕೆ ಮುಂಚೆಯೇ ನಾಲ್ಕು ಸಾವಿರ ಮುಂಗಡ ಕೊಟ್ಟು ಹಳೇ ಬೆಲೆಗೆ ಮನೆ ಹಿಡಿದಿಟ್ಟಿದ್ದೆ. ಈಗ ನಿಮ್ಮ ಕಚೇರಿಯಿಂದ ಓಲೆ ಬಂದಿದೆ: "ಚಿನ್ನದ ವಾರದ ಏಳೂ ದಿನ ತಾವು ಆಟದಲ್ಲಿ ಹಾಜರಿರಲಿಲ್ಲ. ಮುಂಗಡ ರದ್ದು. ಇಂದಿನ ದರ ಒಂಬತ್ತು ಲಕ್ಷ."

"ಆ ವಾರ ಏನು ಮಾಡ್ದೆ ಅಕ್ಕಾ?" ಅಂದಳು ತಂಗಿ.

"ಏನೂ ಮಾಡ್ಲಿಲ್ಲ ಕಣೇ! ಬೆಲೆ ಎಲ್ಲಾ ಕುಣೀತಿತ್ತು. ಏನು ಮುಟ್ಟಿದ್ರೆ ಏನಾಗುತ್ತೋ ಅಂತ ಒಂದು ಗುಂಡಿನೂ ಒತ್ತಲಿಲ್ಲ."

"ಅದಕ್ಕೇ ಮತ್ತೆ! ಒತ್ತದೇ ಇದ್ರೆ ಅವರ ಲೆಕ್ಕದಲ್ಲಿ ನೀನು ಇಲ್ಲ."

ಆದ್ದರಿಂದ ಇಲಿಯ ಸಂಪತ್ತು ಇಳಿಸಿ, ಸೊಪ್ಪಿನ ದರ ಏರಿಸಿ, ನನ್ನ ಮನೆ ಹಳೇ ಬೆಲೆಗೆ ಕೊಡಿ. ಮೊದಲೆರಡಕ್ಕೆ ಸಭೆ, ಸಮಿತಿ ಎಲ್ಲಾ ಬೇಕಾಗಬಹುದು, ಕಾಯುತ್ತೇನೆ. ಮೂರನೆಯದಕ್ಕೆ ಬೇಡ. ಚಿನ್ನದ ವಾರದ ಐದನೇ ದಿನ, ಮಧ್ಯಾಹ್ನ ಮೂರರಿಂದ ನಾಲ್ಕು, ನಾನು ದಂಡೆಯ ಕಲ್ಲುಬೆಂಚಿನ ಮೇಲಿದ್ದೆ. ನಡೆಯಲಿಲ್ಲ, ಕೊಳ್ಳಲಿಲ್ಲ, ಮಾತೂ ಆಡಲಿಲ್ಲ. ಅವತ್ತು ತಂಗಿಯ ವಾರ್ಡಿನಲ್ಲಿ ಅವಳನ್ನು ತುಂಬ ಹಚ್ಚಿಕೊಂಡಿದ್ದ ಅಜ್ಜಿಯೊಬ್ಬರು ತೀರಿಹೋಗಿದ್ದರು. ಬೆಂಚಿನಲ್ಲಿ ಪಕ್ಕಕ್ಕೆ ಕೂತು ಅವಳು ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಕೇಳುತ್ತಾ ಕೂತವರು ಹಾಜರಿಲ್ಲ ಅನ್ನಲು ಯಾವ ನಿಯಮವಿದೆ? ದಯವಿಟ್ಟು ಆ ಒಂದು ಗಂಟೆಯ ಹಾಜರಿಯನ್ನು ಇನ್ನೊಮ್ಮೆ ತೆಗೆದು ನೋಡಿ.

ಇಂತಿ,
ಇದ್ದೂ ಇಲ್ಲದವಳೆನಿಸಿಕೊಂಡ ನಿಮ್ಮ ಪ್ರಜೆ,
ಸೊಪ್ಪಿನಕ್ಕ