ಹುಳುಮನೆಯ ಹೊಸ್ತಿಲು

ಸಾತನೂರು
12-12-2007

ಮಗ ಅಶ್ವಥನಿಗೆ ಅಮ್ಮನ ಆಶೀರ್ವಾದ.

ಅಲ್ಲಿಯ ಚಳಿಗೆ ನಿನ್ನ ಮಂಡಿನೋವು ಹೇಗಿದೆ? ಮಿಲಿಟರಿಯವರು ಕೊಟ್ಟ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಬೇಡ, ನುಂಗು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಮಾತಾಡುವಾಗ ನಿನ್ನ ಹೆಂಡತಿ ಲತಾಮಣಿ ನನ್ನ ಪಕ್ಕದಲ್ಲೇ ಇರುತ್ತಾಳೆ. ಅದಕ್ಕೇ ಈ ಕಾಗದ.

ಲತಾಮಣಿ ಕೀಟನಾಶಕದ ಫ್ಯಾಕ್ಟರಿಗೆ ಸೇರಿ ಏಳು ತಿಂಗಳಾಯಿತು. ಅದು ಶುರುವಾದ ದಿನ ಮೈಕಿನಲ್ಲಿ ಅಭಿವೃದ್ಧಿ ಅಭಿವೃದ್ಧಿ ಎಂದು ಕೂಗಿದಾಗ ನಾನು ನಕ್ಕಿದ್ದೆ. ಸುಳ್ಳು ಹೇಳಬಾರದು, ಈಗ ನಗುವುದಿಲ್ಲ. ಅವಳ ಸಂಬಳದಲ್ಲಿ ಬಚ್ಚಲಿಗೆ ಬಾಗಿಲು ಬಂತು, ನನ್ನ ಕಣ್ಣಿಗೆ ಕನ್ನಡಕ ಬಂತು. ನಿಮ್ಮಪ್ಪ ಬೀಡಿಗೆ ಕಾಸು ಕೇಳಿದರೆ ಕೊಡುವುದಿಲ್ಲ, ಅದೂ ಒಳ್ಳೆಯದೇ. ಮದುವೆಯಾದಾಗಿನಿಂದ ತಲೆ ತಗ್ಗಿಸಿಕೊಂಡಿದ್ದ ಹುಡುಗಿ ಈಗ ಡೈರಿ ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡುತ್ತಾಳೆ. ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ ಕಣಪ್ಪ.

ಹೋದ ಬೆಳೆಯಲ್ಲಿ ರೇಷ್ಮೆಹುಳು ಇನ್ನೇನು ಗೂಡು ಕಟ್ಟಬೇಕು, ನನಗೆ ಸೊಂಟ ಹಿಡಿಯಿತು. ಫ್ಯಾಕ್ಟರಿ ಬಸ್ಸಿಳಿದು ಬಂದವಳು ಬಟ್ಟೆಯನ್ನೂ ಬದಲಿಸದೆ, "ನೀವು ಮನಿಕ್ಕಳಿ ಅತ್ತೆ, ಸೊಪ್ಪು ನಾ ಹಾಕ್ತೀನಿ" ಎಂದು ಹುಳುಮನೆಗೆ ಹೋದಳು. ಬೆಳಿಗ್ಗೆ ನೋಡಿದರೆ ತಟ್ಟೆ ತಟ್ಟೆಯಲ್ಲೂ ಹುಳು ಹಸಿರು ಕಕ್ಕಿಕೊಂಡು ತಿರುಚಿ ಬಿದ್ದಿದ್ದವು. ಪಕ್ಕದ ಮನೆ ಮಾರಮ್ಮನ ಕಣ್ಣು ಬಿತ್ತೆಂದು ಬೈದು, ಬಾಗಿಲಿಗೆ ಮೆಣಸಿನಕಾಯಿ ಕಟ್ಟಿದೆ. ರೇಷ್ಮೆ ಇಲಾಖೆಯ ಪ್ರಕಾಶ್ ಬಂದವನು ಅವಳ ಯೂನಿಫಾರಂ ಮೂಸಿ, "ಯಾರ್ ಕಣ್ಣೂ ಅಲ್ಲ ಕಣಮ್ಮ, ಈ ಬಟ್ಟೇಲಿರೋ ಔಸ್ದಿ" ಎಂದ. ಮಾರಮ್ಮನ ಮುಖ ನೋಡಲು ಇವತ್ತಿಗೂ ನಾಚಿಕೆ.

ಅಂದಿನಿಂದ ಲತಾಮಣಿ ಬಚ್ಚಲಲ್ಲಿ ಮಿಂದೇ ಒಳಗೆ ಬರಬೇಕು, ಹುಳುಮನೆಯ ಹೊಸ್ತಿಲು ತುಳಿಯುವಂತಿಲ್ಲ ಎಂದು ಕಟ್ಟು ಮಾಡಿದ್ದೇನೆ. ಈ ಸಲ ಗೂಡು ಗಟ್ಟಿಯಾಗಿ ಬಂದಿದೆ. ನಿಮ್ಮಪ್ಪನಿಗೆ ಖುಷಿ, ನನಗೆ ಮಾತ್ರ ಅನ್ನ ಇಳಿಯುತ್ತಿಲ್ಲ. ಬಟ್ಟೆಗೆ ಅಂಟಿದ್ದಕ್ಕೇ ಹುಳು ಸತ್ತವು, ಅದರ ಮಧ್ಯೆ ಎಂಟು ಗಂಟೆ ನಿಲ್ಲುವವಳ ಗತಿಯೇನು? ಕೇಳಿದರೆ, "ಮಾಸ್ಕ್ ಕೊಟ್ಟವ್ರೆ, ಸುಮ್ಕಿರಿ" ಅನ್ನುತ್ತಾಳೆ. ಕೆಲಸ ಬಿಡು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವಳನ್ನು ಮತ್ತೆ ತಲೆ ತಗ್ಗಿಸಿ ಕೂರಿಸುವುದೂ ಉದ್ಧಾರವಲ್ಲ, ಹೀಗೆ ಕಳಿಸುವುದೂ ಅಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಮ್ಮ,
ಕೆಂಚಮ್ಮ

ವಿ.ಸೂ.: ಮುಖ್ಯವಾದದ್ದನ್ನೇ ಬರೆಯಲಿಲ್ಲ. ನೀನು ಗೌರಿಹಬ್ಬಕ್ಕೆ ಬಂದು ಹೋದೆಯಲ್ಲ, ಲತಾಮಣಿಗೆ ಈಗ ಮೂರು ತಿಂಗಳು. "ಅವ್ರಿಗೆ ಯೋಳ್ಬ್ಯಾಡಿ ಅತ್ತೆ, ಕೆಲ್ಸ ಬುಡುಸ್ಬುಡ್ತಾರೆ" ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ಮುರಿದಿದ್ದೇನೆ. ರಜೆ ಹಾಕಿ ಬಾ, ಆದರೆ ಹುಕುಂ ಮಾಡಬೇಡ, ಕೂತು ಮಾತಾಡು. ಅವಳನ್ನು ಹುಳುಮನೆಗೆ ಬಿಡದ ನಾನು, ದಿನಾ ಬೆಳಿಗ್ಗೆ ನಮ್ಮ ಕೂಸನ್ನು ನಾನೇ ಆ ಬಸ್ಸು ಹತ್ತಿಸಿ ಬರುತ್ತಿದ್ದೇನೆ.